ವ್ಯಾಪಾರ ಒಕ್ಕೂಟ ಬಿಟ್ಟರೆ ಎಷ್ಟು ನಷ್ಟ? ಆರ್ಥಿಕ ಅಂದಾಜನ್ನು ಓದುವುದು ಹೀಗೆ

2016ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಅಂದಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ದೊಡ್ಡದೊಂದು ಫಲಕದ ಮುಂದೆ ನಿಂತು ಮಾತಾಡಿದರು. ಫಲಕದ ಮೇಲಿದ್ದ ಅಂಕಿ 4,300 ಪೌಂಡ್. ಐರೋಪ್ಯ ಒಕ್ಕೂಟ ಬಿಟ್ಟರೆ ಪ್ರತಿ ಕುಟುಂಬಕ್ಕೂ ವರ್ಷಕ್ಕೆ ಇಷ್ಟು ನಷ್ಟ ಎಂಬುದು ಅದರ ತಾತ್ಪರ್ಯ. ಬಿಡಲೇಬೇಕು ಎನ್ನುವವರ ಕೆಂಪು ಬಸ್ಸಿನ ಮೇಲೆ ಇನ್ನೊಂದು ಅಂಕಿ: ಒಕ್ಕೂಟಕ್ಕೆ ನಾವು ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಎಂದು. ಜೂನ್ 23ರಂದು ಮತದಾನ ನಡೆಯಿತು. ಶೇ 51.9ರಷ್ಟು ಮಂದಿ ‘ಬಿಡೋಣ’ ಎಂದರು. ಬ್ರಿಟನ್ ಹೀಗೆ ಒಕ್ಕೂಟ ಬಿಟ್ಟದ್ದೇ ‘ಬ್ರೆಕ್ಸಿಟ್’.

ಮತದಾನಕ್ಕೆ ಮೊದಲು ಹೇಳಿದ್ದ ಹಿಂಜರಿತ ಬರಲಿಲ್ಲ. ಹೋಗುತ್ತವೆ ಎಂದಿದ್ದ ಕೆಲಸಗಳೂ ಹೋಗಲಿಲ್ಲ. ಅಲ್ಲಿಂದ ಮುಂದೆ ಯಾವ ದೇಶದಲ್ಲಿ ಇಂಥ ಚರ್ಚೆ ಎದ್ದರೂ ‘ಬ್ರೆಕ್ಸಿಟ್ ಸಮಯದಲ್ಲಿ ಅರ್ಥಶಾಸ್ತ್ರಜ್ಞರು ಹೇಳಿದ್ದು ಏನಾಯಿತು ನೋಡಿದಿರಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹಾಗೆಂದು ಎಲ್ಲ ಅಂದಾಜನ್ನೂ ಕಸದ ಬುಟ್ಟಿಗೆ ಹಾಕುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ. ಫಲಕದ ಮೇಲಿನ ಅಂಕಿಯನ್ನು ಹಾಗೇ ನುಂಗುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಇವೆರಡಕ್ಕಿಂತ ಕಷ್ಟದ, ಆದರೆ ಯಾರೂ ಕಲಿಯಬಹುದಾದ ಕೆಲಸವೊಂದಿದೆ. ಅದು ಅಂದಾಜನ್ನು ಬಿಡಿಸಿ ಓದುವುದು.

ಮೊದಲು ‘ರೆ’ಗಳನ್ನು ಎಣಿಸಿ

‘ಬಿಟ್ಟರೆ’, ‘ಕುಸಿದರೆ’, ‘ಹೆದರಿದರೆ’. ಕನ್ನಡದಲ್ಲಿ ಷರತ್ತೆಲ್ಲ ಈ ಒಂದು ‘ರೆ’ಯಲ್ಲಿ ಅಡಗಿರುತ್ತದೆ. ಆರ್ಥಿಕ ಅಂದಾಜೆಂದರೆ ಹತ್ತಾರು ‘ರೆ’ಗಳನ್ನು ಪೋಣಿಸಿದ ಒಂದು ಉದ್ದನೆಯ ವಾಕ್ಯ. ತಲೆಬರಹಕ್ಕೆ ಬರುವಷ್ಟರಲ್ಲಿ ಅವೆಲ್ಲ ಉದುರಿ ಕೊನೆಯ ಅಂಕಿಯೊಂದೇ ಉಳಿದಿರುತ್ತದೆ. ಓದುಗರ ಮೊದಲ ಕೆಲಸ ಉದುರಿದ್ದನ್ನು ಹೆಕ್ಕಿ ತಂದು ಜಾಗಕ್ಕೆ ಇಡುವುದು.

ಹಣಕಾಸು ಸಚಿವಾಲಯ 2016ರ ಮೇ ತಿಂಗಳಲ್ಲಿ ತಂದ ಎರಡನೇ ವರದಿಯನ್ನೇ ತೆಗೆದುಕೊಳ್ಳಿ. ಮತದಾನದ ಬೆನ್ನಿಗೇ ಏನಾಗುತ್ತದೆ ಎಂಬ ಅಂದಾಜು ಅದು. ಬಿಡಲು ಜನ ತೀರ್ಮಾನಿಸಿದರೆ ಒಂದು ವರ್ಷದ ಹಿಂಜರಿತ ಬರುತ್ತದೆ, ಎರಡು ವರ್ಷದ ಹೊತ್ತಿಗೆ ಜಿಡಿಪಿ (ದೇಶದ ಒಟ್ಟು ಉತ್ಪಾದನೆ) ಶೇ 3.6ರಷ್ಟು ಕಡಿಮೆ ಇರುತ್ತದೆ, ನಿರುದ್ಯೋಗಿಗಳ ಸಂಖ್ಯೆ ಸುಮಾರು 5 ಲಕ್ಷ ಏರುತ್ತದೆ, ಪೌಂಡ್ ಶೇ 12ರಷ್ಟು ಇಳಿಯುತ್ತದೆ ಎಂದಿತ್ತು. ಇನ್ನೂ ಕೆಟ್ಟ ಸ್ಥಿತಿಗೆ ಬೇರೆಯದೇ ಲೆಕ್ಕವಿತ್ತು.

ಇದರೊಳಗಿನ ಮೊದಲ ‘ರೆ’: ಬಿಡುವುದಾಗಿ ಒಕ್ಕೂಟಕ್ಕೆ ತಕ್ಷಣ ನೋಟಿಸ್ ಕೊಟ್ಟರೆ. ಪ್ರಧಾನಿ ಡೇವಿಡ್ ಕ್ಯಾಮರಾನ್ ಹಾಗೆಯೇ ಮಾಡುವುದಾಗಿ ಹೇಳಿದ್ದರು. ಫಲಿತಾಂಶ ಬಂದ ಬೆಳಿಗ್ಗೆಯೇ ಅವರು ರಾಜೀನಾಮೆ ಘೋಷಿಸಿದರು. ಒಕ್ಕೂಟದ ಒಪ್ಪಂದದ 50ನೇ ವಿಧಿಯಂತೆ ಕೊಡಬೇಕಾದ ಆ ನೋಟಿಸ್ ಹೋಗಿದ್ದು ಮುಂದಿನ ಪ್ರಧಾನಿ ತೆರೇಸಾ ಮೇ ಕಾಲದಲ್ಲಿ, 2017ರ ಮಾರ್ಚ್ 29ರಂದು. ಎರಡನೇ ‘ರೆ’: ಜನ ಹೆದರಿ ಖರ್ಚು ಬಿಗಿಹಿಡಿದರೆ. ಜನ ಹೆದರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಬೇಕಾದ ಫಲಿತಾಂಶವೇ ಬಂತೆಂಬ ಖುಷಿಯಲ್ಲಿದ್ದರು; ಅಂಗಡಿಗಳ ವ್ಯಾಪಾರ ನಡೆದೇ ಇತ್ತು. ಇದರ ಜೊತೆಗೆ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಆಗಸ್ಟ್ 4ರಂದು ಬಡ್ಡಿ ದರವನ್ನು ಶೇ 0.5ರಿಂದ 0.25ಕ್ಕೆ ಇಳಿಸಿ ಮಾರುಕಟ್ಟೆಗೆ ಹಣ ಹರಿಸಿತು.

ಅದೇ ವರದಿಯ ಪೌಂಡ್ ಲೆಕ್ಕ ಮಾತ್ರ ಹೆಚ್ಚುಕಡಿಮೆ ನಿಜವಾಯಿತು. ಮತದಾನ ಮುಗಿದ ರಾತ್ರಿ 1.50 ಡಾಲರ್ ಇದ್ದ ಪೌಂಡ್ ಮರುದಿನ 1.33ಕ್ಕಿಂತ ಕೆಳಗಿಳಿದು, 31 ವರ್ಷಗಳಲ್ಲೇ ಕನಿಷ್ಠ ಮಟ್ಟ ಮುಟ್ಟಿತು. ಆಮದು ಸರಕು ತುಟ್ಟಿಯಾಯಿತು. 2016ರ ಜೂನ್‌ನಲ್ಲಿ ಶೇ 0.5 ಇದ್ದ ಹಣದುಬ್ಬರ 2017ರ ನವೆಂಬರ್ ಹೊತ್ತಿಗೆ ಶೇ 3.1ಕ್ಕೆ ಏರಿತ್ತು. ಒಂದೇ ವರದಿಯ ಒಂದು ಸಾಲು ಸುಳ್ಳಾಗಿ, ಮತ್ತೊಂದು ನಿಜವಾಗುವುದಾದರೆ ‘ವರದಿ ನಂಬಬೇಕೇ’ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಸಾಲು, ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಕೇಳಬೇಕು.

ಆರು ತಿಂಗಳದ್ದೋ, ಹದಿನೈದು ವರ್ಷದ್ದೋ?

ಬೇಗ ಆಗುವುದನ್ನು ಹೇಳುವುದು ಸುಲಭ, ದೂರದ್ದು ಕಷ್ಟ ಎಂದು ನಮಗೆಲ್ಲ ಅನಿಸುತ್ತದೆ. ಹವಾಮಾನದ ಮಟ್ಟಿಗೆ ಅದು ಸರಿ. ಒಕ್ಕೂಟ ಬಿಡುವ ವಿಷಯದಲ್ಲಿ ತಿರುಗಾಮುರುಗಾ. ಮುಂದಿನ ಆರು ತಿಂಗಳು ನಿಂತಿರುವುದು ಜನರ ಮನಸ್ಸಿನ ಮೇಲೆ, ಹೂಡಿಕೆದಾರರ ಧೈರ್ಯದ ಮೇಲೆ, ರಾಜಕಾರಣಿಗಳ ನಿರ್ಧಾರದ ಮೇಲೆ. ಇವುಗಳನ್ನು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲ. ಹದಿನೈದು ವರ್ಷದ ಲೆಕ್ಕ ನಿಂತಿರುವುದು ಗಡಿಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ.

ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಅಂದಿನ ಮುಖ್ಯ ಅರ್ಥಶಾಸ್ತ್ರಜ್ಞ ಆ್ಯಂಡಿ ಹಾಲ್ಡೇನ್ 2017ರ ಜನವರಿಯಲ್ಲಿ ತಮ್ಮ ವೃತ್ತಿಯ ಸೋಲನ್ನು 1987ರ ಬಿರುಗಾಳಿಗೆ ಹೋಲಿಸಿದ್ದರು. ಅದು ಬಡಿಯುವ ಮೊದಲು ಚಂಡಮಾರುತವೇನೂ ಇಲ್ಲ ಎಂದು ಬಿಬಿಸಿಯಲ್ಲಿ ಹೇಳಿದ್ದ ಹವಾಮಾನ ವರದಿಗಾರ ಮೈಕಲ್ ಫಿಶ್ ಅವರ ಹೆಸರನ್ನೇ ಅವರು ಎತ್ತಿದರು. ಅವರು ಮುಖ್ಯವಾಗಿ ಹೇಳುತ್ತಿದ್ದುದು 2008ರ ಬಿಕ್ಕಟ್ಟನ್ನು ಮುಂಚೆ ಕಾಣದ ವಿಚಾರ. ತಪ್ಪನ್ನು ಹೀಗೆ ಬಹಿರಂಗವಾಗಿ ಒಪ್ಪುವವರ ಮುಂದಿನ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಯಾವುದಕ್ಕೆ ಹೋಲಿಸಿದರೆ ಕಡಿಮೆ?

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಪೆನ್ನು ಹಿಡಿದು ಆ 4,300 ಪೌಂಡನ್ನು ಬಿಡಿಸೋಣ.

ಹೊರಗಿನ ದೇಶವಾಗಿ ಒಕ್ಕೂಟದ ಜೊತೆ ಕೆನಡಾ ಮಾದರಿಯ ವ್ಯಾಪಾರ ಒಪ್ಪಂದವಾದರೆ 15 ವರ್ಷಗಳ ನಂತರ ಬ್ರಿಟನ್ನಿನ ಜಿಡಿಪಿ ಶೇ 6.2ರಷ್ಟು ಕಡಿಮೆ ಇರುತ್ತದೆ ಎಂಬುದು ಸಚಿವಾಲಯದ ಏಪ್ರಿಲ್ ವರದಿಯ ಮೂಲ ಅಂದಾಜು. 2015ರಲ್ಲಿ ಆ ದೇಶದ ಜಿಡಿಪಿ ಸುಮಾರು 1.87 ಲಕ್ಷ ಕೋಟಿ ಪೌಂಡ್. ಅದರ ಶೇ 6.2 ಎಂದರೆ ಸುಮಾರು 11,600 ಕೋಟಿ ಪೌಂಡ್. ಕುಟುಂಬಗಳ ಸಂಖ್ಯೆ ಹತ್ತಿರ ಹತ್ತಿರ 2.7 ಕೋಟಿ. ಭಾಗಿಸಿದರೆ 4,300 ಸಿಕ್ಕಿತು.

ಈಗ ನೋಡಿ. ‘ಕಡಿಮೆ’ ಎಂದರೆ ಇವತ್ತಿಗಿಂತ ಕಡಿಮೆ ಅಲ್ಲ. ಒಕ್ಕೂಟದಲ್ಲೇ ಉಳಿದಿದ್ದರೆ 2030ರಲ್ಲಿ ಎಷ್ಟಿರುತ್ತಿತ್ತೋ ಅದಕ್ಕಿಂತ ಕಡಿಮೆ. ಎರಡೂ ದಾರಿಯಲ್ಲಿ ದೇಶ ಬೆಳೆಯುತ್ತಲೇ ಇರುತ್ತದೆ, ಒಂದರಲ್ಲಿ ನಿಧಾನವಾಗಿ. ಎರಡನೆಯದು, ದೇಶದ ಜಿಡಿಪಿಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಮನೆಯ ಆದಾಯವಲ್ಲ. ಕಂಪನಿಗಳ ಲಾಭ, ಸರ್ಕಾರದ ವೆಚ್ಚ ಎಲ್ಲವೂ ಜಿಡಿಪಿಯಲ್ಲಿವೆ. ಮೂರನೆಯದು, 2030ರ ಶೇಕಡಾವಾರನ್ನು 2015ರ ಮನೆಗಳಿಗೆ ಹಂಚಲಾಗಿದೆ. ಶೇ 6.2 ಎಂಬುದೂ ಒಂಟಿ ಅಂಕಿಯಾಗಿರಲಿಲ್ಲ. ವರದಿಯಲ್ಲಿ ಅದು 4.6ರಿಂದ 7.8ರ ನಡುವಿನ ವ್ಯಾಪ್ತಿ. ಮತದಾರರ ಕೈಗೆ ಸಿಕ್ಕಿದ್ದು ಮಾತ್ರ ಕಿಸೆಯಿಂದ ನೋಟು ಎಣಿಸಿ ಕೊಡಬೇಕಾದಂಥ 4,300. ಕೆಳಗಿನ ಲೆಕ್ಕ ಗಂಭೀರವಾದದ್ದು, ಮೇಲಿನ ಫಲಕ ಅದಕ್ಕೆ ಅನ್ಯಾಯ ಮಾಡಿತು. ಅರ್ಥಶಾಸ್ತ್ರದ ಮೇಲಿನ ಜನರ ನಂಬಿಕೆ ಕೆಡಲು ಇಂಥ ಫಲಕಗಳೇ ಹೆಚ್ಚು ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಸ್ಸಿನ 35 ಕೋಟಿಯ ಕತೆಯೂ ಇದೇ. ಅದು ಒಟ್ಟು ಮೊತ್ತ. ಬ್ರಿಟನ್‌ಗಿದ್ದ ರಿಯಾಯಿತಿಯನ್ನು ಕಳೆದಿರಲಿಲ್ಲ, ಒಕ್ಕೂಟದಿಂದ ಅಲ್ಲಿನ ರೈತರಿಗೂ ಹಿಂದುಳಿದ ಪ್ರದೇಶಗಳಿಗೂ ಮರಳುತ್ತಿದ್ದ ಹಣವನ್ನೂ ಕಳೆದಿರಲಿಲ್ಲ. ಇದು ದಾರಿ ತಪ್ಪಿಸುವ ಅಂಕಿ ಎಂದು ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಮತದಾನಕ್ಕೆ ಮೊದಲೇ ಹೇಳಿತ್ತು.

ಲೆಕ್ಕದ ಒಳಗೆ ಓಡುತ್ತಿರುವುದು ಏನು?

ದೂರದ ಅಂದಾಜುಗಳ ಬೆನ್ನೆಲುಬು ‘ಗುರುತ್ವ ಮಾದರಿ’. ದೊಡ್ಡ ಆರ್ಥಿಕತೆಗಳ ನಡುವೆ, ಹತ್ತಿರದ ದೇಶಗಳ ನಡುವೆ ವ್ಯಾಪಾರ ಹೆಚ್ಚು ಎಂಬ ಸರಳ ಗಮನಿಕೆ ಅದು. 1962ರಲ್ಲಿ ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಇದನ್ನು ಸೂತ್ರಕ್ಕಿಳಿಸಿದ ಮೇಲೆ ಎಷ್ಟೋ ದೇಶಗಳ ಅಂಕಿಗಳಲ್ಲಿ ಮತ್ತೆ ಮತ್ತೆ ತಾಳೆಯಾಗಿದೆ. ಮತದಾನದ ಹೊತ್ತಿಗೆ ಬ್ರಿಟನ್ನಿನ ರಫ್ತಿನಲ್ಲಿ ಶೇ 40ಕ್ಕೂ ಹೆಚ್ಚು ಪಾಲು ಹೋಗುತ್ತಿದ್ದುದು ಪಕ್ಕದ ಒಕ್ಕೂಟಕ್ಕೇ.

ಸೂತ್ರ ಬೇಡವೆಂದರೆ ಒಂದು ಲಾರಿಯನ್ನು ನೋಡಿ. ಸ್ಕಾಟ್ಲೆಂಡಿನಿಂದ ಫ್ರಾನ್ಸಿಗೆ ಮೀನು ಒಯ್ಯುವ ಲಾರಿ. ಹತ್ತಾರು ಸಣ್ಣ ವ್ಯಾಪಾರಿಗಳ ಪೆಟ್ಟಿಗೆಗಳನ್ನು ಒಟ್ಟು ಸೇರಿಸಿ ತುಂಬಿರುತ್ತದೆ. 2020ರ ಡಿಸೆಂಬರ್ 31ರ ತನಕ ಅದು ದೇಶದೊಳಗೆ ಓಡಿದಷ್ಟೇ ಸರಾಗವಾಗಿ ದಾಟುತ್ತಿತ್ತು. ಮರುದಿನದಿಂದ ಕಸ್ಟಮ್ಸ್ ಘೋಷಣೆ ಬೇಕು, ಮೀನು ಎಲ್ಲಿ ಹಿಡಿದದ್ದು ಎಂಬ ಪತ್ರ ಬೇಕು, ಆರೋಗ್ಯ ಪ್ರಮಾಣಪತ್ರ ಬೇಕು. ಅದಕ್ಕೆ ಅಧಿಕೃತ ತಪಾಸಣಾಧಿಕಾರಿ ಬಂದು ನೋಡಿ ಸಹಿ ಹಾಕಬೇಕು. ಒಬ್ಬ ವ್ಯಾಪಾರಿಯ ಒಂದು ಕಾಗದ ತಪ್ಪಿದ್ದರೆ ಇಡೀ ಲಾರಿ ನಿಲ್ಲುತ್ತದೆ. ಮೀನು ಕಾಯುವುದಿಲ್ಲ. ಶೂನ್ಯ ಸುಂಕದ ಒಪ್ಪಂದವಿದ್ದೂ ಇಷ್ಟು ಖರ್ಚು.

ಈ ಖರ್ಚು ಯಾರ ಮನಸ್ಥಿತಿಯ ಮೇಲೂ ನಿಂತಿಲ್ಲ. ಆದ್ದರಿಂದ ‘ವ್ಯಾಪಾರ ಕುಗ್ಗುತ್ತದೆ’ ಎಂಬ ದಿಕ್ಕನ್ನು ನಾನು ನಂಬುತ್ತೇನೆ. ‘ಇಷ್ಟೇ ಕುಗ್ಗುತ್ತದೆ’ ಎಂಬ ದಶಮಾಂಶವನ್ನು ಅಷ್ಟಾಗಿ ನಂಬುವುದಿಲ್ಲ. ಸೇವಾ ಕ್ಷೇತ್ರದ ರಫ್ತು ಅನೇಕರು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆದಿದೆ, ಪೆಟ್ಟು ತಿಂದದ್ದು ಸರಕು.

ನಿಮಗೆ ಇಷ್ಟವಾದ ಅಂದಾಜಿಗೂ ಅದೇ ಅಳತೆಗೋಲು

ಬಿಟ್ಟರೆ ಲಾಭ ಎಂದ ಅರ್ಥಶಾಸ್ತ್ರಜ್ಞರೂ ಇದ್ದರು. ಕಾರ್ಡಿಫ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮಿನ್‌ಫರ್ಡ್ ಮತ್ತವರ ಜೊತೆಯವರು ಜಿಡಿಪಿ ಸುಮಾರು ಶೇ 4 ಏರುತ್ತದೆ ಎಂದರು. ಅವರ ‘ರೆ’ ಎಣಿಸಿ: ಬ್ರಿಟನ್ ಎಲ್ಲ ದೇಶಗಳ ಸರಕಿಗೂ ತಾನಾಗಿಯೇ ಸುಂಕ ತೆಗೆದುಹಾಕಿದರೆ. ಆ ದಾರಿಯಲ್ಲಿ ದೇಶದ ತಯಾರಿಕಾ ವಲಯ ಬಹುಮಟ್ಟಿಗೆ ಇಲ್ಲವಾಗಬಹುದು, ಅದಕ್ಕೆ ಹೆದರಬೇಕಿಲ್ಲ ಎಂದು ಮಿನ್‌ಫರ್ಡ್ ಅವರೇ ಬರೆದಿದ್ದರು. ಯಾವ ಸರ್ಕಾರವೂ ಅದಕ್ಕೆ ಕೈಹಾಕಲಿಲ್ಲ. 2021ರಲ್ಲಿ ಜಾರಿಗೆ ಬಂದ ಹೊಸ ಸುಂಕಪಟ್ಟಿಯಲ್ಲೂ ಕಾರಿನ ಮೇಲಿನ ಶೇ 10 ಹಾಗೇ ಉಳಿಯಿತು. ಷರತ್ತು ನಡೆಯದಿದ್ದಾಗ ಆ ಲಾಭದ ಅಂಕಿ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದೂ ಸಾಧ್ಯವಿಲ್ಲ.

ಅಂದಾಜಿನಂತೆ ಕಾಣುವ ಎಲ್ಲವೂ ಅಂದಾಜಲ್ಲ ಎಂಬುದನ್ನೂ ಗಮನಿಸಿ. 2018ರ ನವೆಂಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೇಳಿದ ‘ಜಿಡಿಪಿ ಶೇ 8, ಮನೆ ಬೆಲೆ ಶೇ 30 ಕುಸಿತ’ ಎಂಬ ಲೆಕ್ಕ, ಒಪ್ಪಂದವೇ ಇಲ್ಲದೆ ಅಸ್ತವ್ಯಸ್ತವಾಗಿ ಹೊರಬಂದರೆ ಎಂಬ ಅತಿ ಕೆಟ್ಟ ಸ್ಥಿತಿಯದು. ಬ್ಯಾಂಕುಗಳು ಅದನ್ನು ತಾಳಿಕೊಳ್ಳುತ್ತವೆಯೇ ಎಂದು ನೋಡಲು ಮಾಡಿದ್ದು.

ಆಮೇಲೆ ತಾಳೆ ನೋಡುವುದು

ಬ್ರಿಟನ್ ಹೊರಬಂದದ್ದು 2020ರ ಜನವರಿ 31ರಂದು; ಗಡಿಯಲ್ಲಿ ಹಳೆಯ ನಿಯಮಗಳು ಆ ವರ್ಷದ ಕೊನೆಯ ತನಕ ನಡೆದವು. ಎರಡು ತಿಂಗಳೊಳಗೆ ಕೋವಿಡ್ ಲಾಕ್‌ಡೌನ್. ಆಮೇಲೆ ಉಕ್ರೇನ್ ಯುದ್ಧ, ಇಂಧನ ಬೆಲೆ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1. ಇದರಲ್ಲಿ ಬ್ರೆಕ್ಸಿಟ್‌ನ ಪಾಲೆಷ್ಟು ಎಂದು ಬೇರ್ಪಡಿಸಲು ಸಂಶೋಧಕರು ಒಂದು ‘ಅವಳಿ ಬ್ರಿಟನ್’ ಕಟ್ಟುತ್ತಾರೆ. 2016ಕ್ಕೆ ಮೊದಲು ಬ್ರಿಟನ್ನಿನ ಹಾಗೇ ಬೆಳೆಯುತ್ತಿದ್ದ ದೇಶಗಳನ್ನು ತೂಕಹಾಕಿ ಬೆರೆಸಿ, ಬಿಡದಿದ್ದರೆ ಹೇಗಿರುತ್ತಿತ್ತು ಎಂದು ನೋಡುವ ವಿಧಾನ. ಅರ್ಥಶಾಸ್ತ್ರಜ್ಞ ಜಾನ್ ಸ್ಪ್ರಿಂಗ್‌ಫರ್ಡ್ ಹೀಗೆ ಲೆಕ್ಕ ಹಾಕಿ, 2022ರ ಮಧ್ಯದ ಹೊತ್ತಿಗೆ ಜಿಡಿಪಿ ಶೇ 5.5 ಕಡಿಮೆ ಎಂದರು. ಯಾವ ದೇಶಗಳನ್ನು ಬೆರೆಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಹಾಗಾಗಿ ಇದಕ್ಕೂ ತಕರಾರಿದೆ.

ನಡೆದುಹೋದದ್ದರ ಅಂಕಿ ಕೂಡ ಸ್ಥಿರವಲ್ಲ. 2021ರ ಕೊನೆಗೆ ಬ್ರಿಟನ್ನಿನ ಆರ್ಥಿಕತೆ ಕೋವಿಡ್ ಪೂರ್ವ ಮಟ್ಟಕ್ಕಿಂತ ಶೇ 1.2 ಕೆಳಗಿತ್ತು ಎಂದಿದ್ದ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ, 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ತಿದ್ದಿ ಶೇ 0.6 ಮೇಲಿತ್ತು ಎಂದಿತು. ಆದ್ದರಿಂದ ತಾಳೆ ನೋಡುವ ಮುನ್ನ ಅಂಕಿ ಯಾವ ತಿಂಗಳು ಪ್ರಕಟವಾದದ್ದು ಎಂದು ಬರೆದಿಟ್ಟುಕೊಳ್ಳಿ.

ಈ ಹಂತಗಳನ್ನೆಲ್ಲ ಈಗ ಚಾಲ್ತಿಯಲ್ಲಿರುವ ಒಂದು ಅಂಕಿಗೆ ಹಚ್ಚಿ ನೋಡಿ. ಬ್ರಿಟನ್ನಿನ ಬಜೆಟ್ ಹೊಣೆಗಾರಿಕೆ ಕಚೇರಿ ಬಳಸುತ್ತ ಬಂದಿರುವ ಶೇ 4. ಯಾವುದರ ಶೇ 4? ಉತ್ಪಾದಕತೆಯದು, ಎಂದರೆ ಇಷ್ಟು ದುಡಿಮೆಗೆ ಇಷ್ಟು ಉತ್ಪಾದನೆ ಎಂಬುದರದು. ಯಾವುದಕ್ಕೆ ಹೋಲಿಸಿ? ಒಕ್ಕೂಟದಲ್ಲೇ ಉಳಿದಿದ್ದರೆ ಎಂಬುದಕ್ಕೆ. ಯಾವಾಗ? ದೀರ್ಘಾವಧಿಯಲ್ಲಿ. ಎಲ್ಲಿಂದ ಬಂತು? ಹೊರಗಿನ ಹಲವು ಅಧ್ಯಯನಗಳ ಸರಾಸರಿಯಿಂದ. ಒಳಗಿನ ‘ರೆ’? ಆಮದು, ರಫ್ತು ಎರಡೂ ಶೇ 15ರಷ್ಟು ಕುಗ್ಗಿದರೆ. ಈ ನಷ್ಟದ ಐದರಲ್ಲಿ ಎರಡು ಪಾಲು, 2021ರ ಜನವರಿಯಲ್ಲಿ ಹೊಸ ಒಪ್ಪಂದ ಜಾರಿಗೆ ಬರುವ ಮೊದಲೇ ಆಗಿಹೋಗಿತ್ತು ಎಂದು ಅದೇ ಕಚೇರಿ 2021ರ ಮಾರ್ಚ್‌ನಲ್ಲಿ ಹೇಳಿತು. ಗಡಿಯಲ್ಲಿ ಒಂದು ಲಾರಿಯೂ ನಿಂತಿರದ ಆ ವರ್ಷಗಳಲ್ಲಿ ಕಂಪನಿಗಳು ಮುಂದೇನೋ ಎಂದು ಹೊಸ ಯಂತ್ರ ಕೊಳ್ಳುವುದನ್ನು, ಹೊಸ ಘಟಕ ಕಟ್ಟುವುದನ್ನು ಮುಂದೂಡಿದ್ದವು. ಮುಂದೆ ಇಂಥ ವರದಿ ಕೈಗೆ ಸಿಕ್ಕಾಗ ಜಿಡಿಪಿಯ ಸಾಲಿಗಿಂತ ಮೊದಲು ಉದ್ಯಮಗಳ ಹೂಡಿಕೆಯ ಸಾಲು ಹುಡುಕಿ. ಬ್ರಿಟನ್ನಿನಲ್ಲಿ ಮತದಾನವಾದ ಮೂರು ವರ್ಷ ಅದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು.