ಕೋವಿ ಭುಜಕ್ಕೆ ಒದೆಯದಿರಲು ಅಳತೆ ನೋಡಿ

ನನ್ನ ಅಣ್ಣನ ಮಗಳು ಟ್ರ್ಯಾಪ್ ಶೂಟಿಂಗ್ (ಹಾರುವ ಮಣ್ಣಿನ ತಟ್ಟೆಗೆ ಕೋವಿಯಿಂದ ಗುಂಡು ಹೊಡೆಯುವ ಆಟ) ಕಲಿಯಲು ಮಂಡ್ಯದಿಂದ ಮೈಸೂರಿಗೆ ಬಂದಿದ್ದಾಳೆ. ಮೊದಲ ವಾರವೇ ತೋಳು ನೀಲಿಗಟ್ಟಿತ್ತು. 'ಅಭ್ಯಾಸ ಆಗುತ್ತೆ ಬಿಡು' ಅಂದರು ಎಲ್ಲರೂ. ನಾನಂತೂ ಒಪ್ಪುವುದಿಲ್ಲ. ನೋವಾದರೆ ಮೊದಲು ಕೋವಿಯ ಅಳತೆ ನೋಡಬೇಕು.

ಕೋವಿ ತೆರೆದು, ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಟ್ರಿಗರ್‌ನಿಂದ ಬಟ್‌ನ (ಭುಜಕ್ಕೆ ಒತ್ತುವ ಹಿಂಭಾಗದ) ತುದಿಯವರೆಗೆ ಟೇಪ್ ಹಿಡಿಯಿರಿ. ಸಾಮಾನ್ಯವಾಗಿ 14 ಇಂಚಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಕುಳ್ಳಗಿನ ಹುಡುಗಿಗೆ ಅದು ಉದ್ದ. ಬಟ್ ಭುಜ ಬಿಟ್ಟು ತೋಳಿನ ಮೇಲೆ ಕೂರುತ್ತದೆ, ನೀಲಿಗಟ್ಟುವುದು ಅದಕ್ಕೇ. ತೀರಾ ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ. ಬಟ್ ಕತ್ತರಿಸುವ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ (ಕೋವಿ ರಿಪೇರಿ ಮಾಡುವವರಿಗೇ) ಬಿಡಿ, ಮನೆಯ ಗರಗಸ ಖಂಡಿತ ಬೇಡ.

ಕೋವಿಯನ್ನು ಮೊದಲು ಕೆನ್ನೆಗೆ ತನ್ನಿ, ಆಮೇಲೆ ಭುಜದ ಗುಳಿಗೆ. ಕೆನ್ನೆ ಕೋವಿಯ ಮರದ ಭಾಗಕ್ಕೆ ಒತ್ತಿಕೊಂಡಿರಲಿ. ಸಡಿಲ ಬಿಟ್ಟರೆ ಗುದ್ದೇ ಬೀಳುತ್ತದೆ. ಬಲಗೈಯವರು ಎಡಗಾಲು ಮುಂದಿಟ್ಟು ಸ್ವಲ್ಪ ಮುಂದಕ್ಕೆ ಬಾಗಿ.

ಹಗುರ ಕೋವಿ ಹೆಣ್ಣುಮಕ್ಕಳಿಗೆ ಒಳ್ಳೆಯದು ಅಂತಾರೆ, ಅಲ್ವಾ? ಅದೇ ತೋಟಾಗೆ ಹಗುರ ಕೋವಿಯೇ ಜಾಸ್ತಿ ಒದೆಯುತ್ತದೆ. ತೋಟಾ ಹಗುರ ಮಾಡಿ: ಒಲಿಂಪಿಕ್ ಟ್ರ್ಯಾಪ್‌ನಲ್ಲೂ ಒಂದು ತೋಟಾದಲ್ಲಿ ಒಟ್ಟು 24 ಗ್ರಾಂ ಗುಂಡುಗಳೇ ಸಾಕು. ದಪ್ಪ ರಬ್ಬರ್ ಪ್ಯಾಡ್ ಹಾಕಿಸಿದರೆ ಉದ್ದವೂ ಬದಲಾಗುತ್ತದೆ, ಮತ್ತೆ ಅಳೆಯಿರಿ.