ಗಿಡದ ಟ್ಯಾಂಕಿನವರ ಸಮ್ಮೇಳನಕ್ಕೆ ಹೋಗುತ್ತೀರಾ? ಮೊದಲು ಒಂದು ಬಾಟಲಿ ನೀರು ತುಂಬಿಸಿ

ಬಟ್ಟೆ, ಚಾರ್ಜರ್ ಎಲ್ಲ ಆಮೇಲೆ. ಮೊದಲು ಒಂದು ಲೀಟರಿನ ಖಾಲಿ ಬಾಟಲಿ ಹುಡುಕಿ. ಸೋಪು ಹಾಕದೆ ನಾಲ್ಕು ಸಲ ಕುಲುಕಿ ತೊಳೆಯಿರಿ. ನಿಮ್ಮ ಗಿಡದ ಟ್ಯಾಂಕಿಗೆ, ಅಂದರೆ ನೀರೊಳಗೆ ಗಿಡ ಬೆಳೆಸುವ ಅಕ್ವೇರಿಯಂಗೆ, ಯಾವ ನೀರು ಹೊಯ್ಯುತ್ತೀರೋ ಅದನ್ನೇ ಬಾಯಿವರೆಗೆ ತುಂಬಿಸಿ ಮುಚ್ಚಳ ಬಿಗಿ ಮಾಡಿ. ನಮ್ಮ ಮನೆಯಲ್ಲಿ ಅದು ಸುರಂಗದ ನೀರು. ಕಾಸರಗೋಡು ಕಡೆಯ ನೀರ್ಚಾಲಿನ ಹತ್ತಿರ, ನೀರು ತಾನಾಗಿ ಹೊರಗೆ ಹರಿಯುವ ಹಾಗೆ ಗುಡ್ಡದ ಬದಿಯಲ್ಲಿ ಅಜ್ಜ ಅಡ್ಡಕ್ಕೆ ಕೊರೆಸಿದ ಸುರಂಗ. ಕುಡಿಯಲಿಕ್ಕೂ ಅದೇ, ಅಡಿಕೆ ತೋಟಕ್ಕೂ ಅದೇ, ಚಾವಡಿಯಲ್ಲಿರುವ ನನ್ನ ಎರಡಡಿ ಟ್ಯಾಂಕಿಗೂ ಅದೇ.

ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ನಡೆಯುವ ಇಂಥ ಸಮ್ಮೇಳನಕ್ಕೆ ಮೊದಲ ಸಲ ಹೋದಾಗ ನಾನು ನೀರು ಒಯ್ದಿರಲಿಲ್ಲ. ಭಾಷಣಗಳನ್ನೆಲ್ಲ ಬರೆದುಕೊಂಡೆ. ಹರಾಜಿನಲ್ಲಿ 11 ತೊಟ್ಟೆ (ಪ್ಲಾಸ್ಟಿಕ್ ಚೀಲ) ಗಿಡ ಹಿಡಿದೆ. ಊರಿಗೆ ಬಂದು ಬರೆದುಕೊಂಡ ಹಾಗೆಯೇ ನೆಟ್ಟೆ. ಮೂರು ವಾರದಲ್ಲಿ ಎಂಟು ಕರಗಿ ಗಂಜಿಯಾದವು. ಎಲ್ಲಿ ತಪ್ಪಿತು ಅಂತ ಗೊತ್ತಾಗಲಿಲ್ಲ.

ಎರಡನೇ ಸಲ ಬಾಟಲಿ ಚೀಲದಲ್ಲಿತ್ತು. ಒಂದು ಮೂಲೆಯಲ್ಲಿ ನೀರು ಪರೀಕ್ಷೆಯ ಮೇಜು ಹಾಕಿದ್ದರು. ಕೆಎಚ್ ಅಂದರೆ ಕಾರ್ಬೊನೇಟ್ ಗಡಸುತನ ನೋಡುವ ಕಿಟ್ ಇರುತ್ತದಲ್ಲ, ಅದು ಬಹಳ ಸುಲಭ. 5 ಎಂಎಲ್ ನೀರಿಗೆ ಒಂದೊಂದೇ ಹನಿ ಬಿಡುತ್ತಾ ಹೋಗುವುದು. ನೀಲಿ ಬಣ್ಣ ಹಳದಿಗೆ ತಿರುಗಲು ಎಷ್ಟು ಹನಿ ಬೇಕೋ ಅಷ್ಟು ಡಿಗ್ರಿ. ಮೇಜಿನವರ ಮನೆಯ ಬೋರ್‌ವೆಲ್ ನೀರು 14 ಹನಿ ತಿಂದಿತು. ನನ್ನದು ಮೊದಲ ಹನಿಗೇ ಹಳದಿ.

"ಆರ್‌ಒ ನೀರು ತಂದಿದ್ದೀರಾ?" ಅಂತ ಕೇಳಿದರು.

"ಅಲ್ಲ, ಸುರಂಗದ್ದು."

ಆಮೇಲೆ ಅರ್ಧ ಗಂಟೆ ಸುರಂಗ ಅಂದರೇನು ಅಂತ ವಿವರಿಸುವುದೇ ನನ್ನ ಕೆಲಸವಾಯಿತು. ಅವರು ದುಡ್ಡು ಕೊಟ್ಟು ಯಂತ್ರ ಇಟ್ಟು ಮಾಡಿಕೊಳ್ಳುವ ಮೆದು ನೀರು ನಮಗೆ ಗುಡ್ಡದಿಂದ ಸುಮ್ನೆ ಹರಿದು ಬರುತ್ತದೆ. ಮಳೆ ನೀರು ಮುರಕಲ್ಲಿನೊಳಗೆ, ಅಂದರೆ ಜಂಬಿಟ್ಟಿಗೆಯೊಳಗೆ, ಇಳಿದು ಬರುವಾಗ ಕರಗಿಸಿಕೊಳ್ಳಲು ಅಲ್ಲಿ ಸುಣ್ಣದ ಅಂಶ ಹೆಚ್ಚು ಇರುವುದಿಲ್ಲ. ಹಾಗಾಗಿ ನಮ್ಮ ನೀರು ಮೆದು, ಸ್ವಲ್ಪ ಹುಳಿ ಕಡೆಗೆ. ವ್ಯಾಲಿಸ್ನೇರಿಯಾದಂಥ ಗಿಡಕ್ಕೆ ಇದು ಆಗಿ ಬರುವುದಿಲ್ಲ. ಎರಿಯೋಕಾಲನ್, ಟೊನಿನಾ, ಕೆಲವು ರೊಟಾಲಾಗಳಿಗೆ ಇದೇ ಬೇಕು. ನಾನು ಮೊದಲ ವರ್ಷ ತಂದದ್ದರಲ್ಲಿ ನಾಲ್ಕು ತೊಟ್ಟೆ ವ್ಯಾಲಿಸ್ನೇರಿಯಾ ಜಾತಿಯೇ ಇತ್ತು!

ಹಾಗಾಗಿ ಭಾಷಣದಲ್ಲಿ ಯಾರು ಏನೇ ಗೊಬ್ಬರದ ಲೆಕ್ಕ ಹೇಳಿದರೂ ಬರೆದುಕೊಳ್ಳುವ ಮೊದಲು ಕೈ ಎತ್ತಿ. "ನಿಮ್ಮ ನೀರಿನ ಕೆಎಚ್ ಎಷ್ಟು?" ಅಂತ ಕೇಳಿ. ನಾಚಿಕೆ ಬೇಡ. ಗಿಡಕ್ಕೆಂದು ಟ್ಯಾಂಕಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವ ಮಾತು ಬಂದಾಗಲಂತೂ ಕೇಳಲೇಬೇಕು. ಲೀಟರಿಗೆ 30 ಮಿಲಿಗ್ರಾಂ ಅನ್ನುವ ಗುರಿ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಗಡಸು ನೀರಿನಲ್ಲಿ ಅಷ್ಟು ಅನಿಲ ಬಿಟ್ಟಾಗ ಪಿಎಚ್ (ನೀರಿನ ಹುಳಿಯ ಅಳತೆ, ಕೆಳಗೆ ಹೋದಷ್ಟು ಹುಳಿ ಹೆಚ್ಚು) ಎಲ್ಲಿ ನಿಲ್ಲುತ್ತದೋ ನಮ್ಮ ನೀರಿನಲ್ಲಿ ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಅವರ ಪಿಎಚ್ ಅಂಕಿ ಇಟ್ಟುಕೊಂಡು ನಮ್ಮ ಟ್ಯಾಂಕ್ ಅಳೆಯಲು ಬರುವುದಿಲ್ಲ. ಟ್ಯಾಂಕಿನಲ್ಲಿ ಈ ಅನಿಲ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಕೊಂಡರೆ ಅದರೊಳಗೆ ಟ್ಯಾಂಕಿನ ನೀರು ಹಾಕಬೇಡಿ. 4 ಡಿಗ್ರಿ ಕೆಎಚ್ ದ್ರಾವಣ ಅಂತಲೇ ಸಿಗುತ್ತದೆ, ಅದನ್ನು ಹಾಕಿ. ಹಸಿರಾದರೆ ಸುಮಾರು 30ರ ಹತ್ತಿರ ಇದೆ ಅಂತ ಅರ್ಥ. ಹಳದಿಯಾದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಕೂಡಲೇ ಅನಿಲ ಕಡಿಮೆ ಮಾಡಿ.

ಇನ್ನು ಪ್ರಯಾಣ. ಕಾಸರಗೋಡಿನಲ್ಲಿ ಸಂಜೆ ಕಣ್ಣೂರಿನಿಂದ ಬರುವ ಬೆಂಗಳೂರು ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಶುಕ್ರವಾರದ ರೈಲಿಗೆ ಬೇಗ ಟಿಕೆಟ್ ಮಾಡಿಸಿ. ಕೆಳಗಿನ ಬರ್ತ್ ಸಿಕ್ಕಿದರೆ ಒಳ್ಳೆಯದು, ಗಿಡ ಇಡುವ ಪೆಟ್ಟಿಗೆ ಕಾಲ ಬುಡದಲ್ಲೇ ಇರುತ್ತದೆ. ಥರ್ಮೊಕೋಲ್ ಪೆಟ್ಟಿಗೆಯನ್ನು ಮೀನು ಮಾರುಕಟ್ಟೆಯಿಂದ ತರಬೇಡಿ, ಎಷ್ಟು ತೊಳೆದರೂ ಬಂಗುಡೆ ವಾಸನೆ ಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ. ಇನ್ಸುಲಿನ್ ಬರುವ ಪೆಟ್ಟಿಗೆಗಳನ್ನು ಅವರು ಹೇಗೂ ಬಿಸಾಡುತ್ತಾರೆ.

ಬರಿಗೈಯಲ್ಲಿ ಹೋಗಬೇಡಿ. ಗಿಡ ಬದಲಿಸಿಕೊಳ್ಳುವ ಮೇಜಿನಲ್ಲಿ ನಿಮ್ಮದೂ ನಾಲ್ಕು ಕಟ್ಟು ಇದ್ದರೆ ಜನ ತಾವಾಗಿಯೇ ಮಾತಿಗೆ ಬರುತ್ತಾರೆ. ನಾನು ಒಯ್ಯುವುದು ನನ್ನ ಟ್ಯಾಂಕಿನಲ್ಲಿ ಜಾಸ್ತಿಯಾದ ಜಾವಾ ಫರ್ನ್ ಮತ್ತು ಅನೂಬಿಯಸ್. ಎರಡೂ ಗಟ್ಟಿ ಜೀವ. ಕಟ್ಟುವುದಕ್ಕೆ ಅಡಿಕೆ ಹಾಳೆ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಡಿ, ಬೆಳಿಗ್ಗೆ ಬೇಕಾದ ಹಾಗೆ ಬಾಗುತ್ತದೆ. ಗಿಡವನ್ನು ಒದ್ದೆ ಕಾಗದದಲ್ಲಿ ಸುತ್ತಿ ಹಾಳೆಯೊಳಗಿಟ್ಟು ಬಾಳೆನಾರಿನಲ್ಲಿ ಕಟ್ಟಿ. ಎರಡು ದಿನ ತಂಪಾಗಿರುತ್ತದೆ. ಹೋದ ಸಲ ಒಬ್ಬರು ಗಿಡ ಬೇಡ, ಹಾಳೆ ಮಾತ್ರ ಕೊಡಿ ಅಂದರು. ಕೊಟ್ಟೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಗುಡ್ಡದ ಮೇಲಿನ ಪಳ್ಳಗಳಿಂದ ಗಿಡ ಕಿತ್ತು ಒಯ್ಯಬೇಡಿ. 1990ರಲ್ಲಿ ಹೆಸರು ಪಡೆದ ರೊಟಾಲಾ ಮಲಬಾರಿಕಾ ಪಕ್ಕದ ಕಣ್ಣೂರಿನ ಮುರಕಲ್ಲು ಪ್ರದೇಶದ ಗಿಡ. ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಅಂಥ ಜಾಗ ಬಿಟ್ಟರೆ ಅದಕ್ಕೆ ಬೇರೆ ಮನೆ ಇಲ್ಲ. "ನಿಮ್ಮೂರಿನದ್ದು ಏನಾದರೂ ತನ್ನಿ, ಒಳ್ಳೆ ರೇಟು ಬರುತ್ತದೆ" ಅನ್ನುವವರು ಸಿಗುತ್ತಾರೆ. ನಕ್ಕು ಮುಂದೆ ಹೋಗಿ. ಮಿಸ್ ಕೇರಳ ಅಂತ ಮಾರುವ ಕೆಂಪು ಗೆರೆಯ ಮೀನೂ ಹಾಗೆಯೇ. ಅದು ನಮ್ಮ ಚಂದ್ರಗಿರಿ ಹೊಳೆಯಲ್ಲಿಯೂ ಇರುವ ಮೀನು, ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಸ್ಟಾಲಿನಲ್ಲಿ ಕಂಡರೆ ಸಾಕಿ ಮರಿ ಮಾಡಿಸಿದ್ದೋ, ಹೊಳೆಯಿಂದ ಹಿಡಿದದ್ದೋ ಅಂತ ಕೇಳಿ. ಉತ್ತರ ತಡವರಿಸಿದರೆ ಕೊಳ್ಳಬೇಡಿ.

ಶನಿವಾರ ಬೆಳಿಗ್ಗೆಯ ಉದ್ಘಾಟನೆಗೆ ತಡವಾದರೂ ನಡೆಯುತ್ತದೆ. ವೇದಿಕೆಯ ಮೇಲೆ ಟ್ಯಾಂಕ್ ಜೋಡಿಸಿ ತೋರಿಸುವ ಹೊತ್ತಿಗೆ ಮಾತ್ರ ಮುಂದಿನ ಸಾಲಿನಲ್ಲಿರಿ. ಜಪಾನಿನ ತಕಾಶಿ ಅಮಾನೋ ಅವರ ಹೆಸರು ಅಲ್ಲಿ ಹತ್ತು ಸಲ ಕೇಳುತ್ತೀರಿ. ಮನೆಯ ಟ್ಯಾಂಕನ್ನು ಕಾಡಿನ ತುಂಡಿನ ಹಾಗೆ ಕಟ್ಟುವ ದಾರಿ ತೋರಿಸಿದವರು ಅವರು, 2015ರಲ್ಲಿ ತೀರಿಕೊಂಡರು. ಲಿಸ್ಬನ್ ನಗರದಲ್ಲಿ ಅವರು ಕಟ್ಟಿದ 40 ಮೀಟರ್ ಉದ್ದದ ಟ್ಯಾಂಕಿನ ಚಿತ್ರ ಪರದೆಯ ಮೇಲೆ ಬಂದಾಗ ನನ್ನ ಎರಡಡಿ ನೆನಪಾಗಿ ನಗು ಬಂತು. ಆದರೆ ನೋಡಬೇಕಾದದ್ದು ಚಿತ್ರವನ್ನಲ್ಲ, ಜೋಡಿಸುವವರ ಕೈಯನ್ನು. ಕಲ್ಲು ಇಟ್ಟ ಮೇಲೆ ಎಷ್ಟು ಸಲ ತೆಗೆದು ತಿರುಗಿಸಿ ಇಡುತ್ತಾರೆ, ಗಿಡವನ್ನು ಇಕ್ಕಳದಲ್ಲಿ ಯಾವ ಕೋನದಲ್ಲಿ ಚುಚ್ಚುತ್ತಾರೆ. ಓರೆಯಾಗಿ ಚುಚ್ಚಿ, ಇಕ್ಕಳ ಸಡಿಲಿಸಿ, ಸ್ವಲ್ಪ ಅಲುಗಿಸಿ ಹೊರಗೆಳೆಯಬೇಕು. ನೇರ ಎಳೆದರೆ ಗಿಡವೂ ಜೊತೆಗೇ ಬರುತ್ತದೆ. ಇದು ನನಗೆ ಎರಡು ವರ್ಷ ಗೊತ್ತಿರಲಿಲ್ಲ.

ಭಾನುವಾರ ಹರಾಜು. ಅಲ್ಲಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಹೆಸರು ಬರೆಯಿರಿ. ಕಿಸೆಯಲ್ಲಿ ಆ ನಾಲ್ಕಕ್ಕೆ ಬೇಕಾದಷ್ಟೇ ನೋಟು ಇಡಿ. ಪಕ್ಕದವರು ಕೂಗಿದರು ಅಂತ ನಾವೂ ಕೂಗುವ ರೋಗ ಅಲ್ಲಿ ಎಲ್ಲರಿಗೂ ಬರುತ್ತದೆ. ನಾನು ಹಾಗೆಯೇ "ಅಂಬೂಲಿಯಾ" ಅನ್ನುವ ಗಿಡವನ್ನು 180 ರೂಪಾಯಿಗೆ ಹಿಡಿದೆ. ಅದರ ಕಥೆ ಆಮೇಲೆ.

ಸಣ್ಣ ಕಪ್‌ನಲ್ಲಿ ಜೆಲ್ಲಿಯ ಮೇಲೆ ಬೆಳೆಸಿದ ಅಂಗಾಂಶ ಕೃಷಿಯ ಗಿಡ ಸಿಕ್ಕಿದರೆ ಅದಕ್ಕೇ ನನ್ನ ಮತ. ಬೆಲೆ ಜಾಸ್ತಿ, ಆದರೆ ಬಸವನಹುಳು ಇರುವುದಿಲ್ಲ, ಪಾಚಿ ಇರುವುದಿಲ್ಲ, ರೈಲಿನಲ್ಲಿ ತರುವುದೂ ಸುಲಭ. ತೊಟ್ಟೆಯ ಗಿಡವಾದರೆ ನೀರು ಪೂರ್ತಿ ಬಸಿದು, ಒದ್ದೆ ಕಾಗದ ಸುತ್ತಿ, ಗಾಳಿ ಊದಿ ಕಟ್ಟಿ. ಮೊದಲ ಸಲ ನಾನು ನೀರು ತುಂಬಿಸಿಯೇ ತಂದಿದ್ದೆ. ಸಕಲೇಶಪುರ ದಾಟಿದ ಮೇಲೆ ಒಂದು ತೊಟ್ಟೆ ಒಡೆದು ಎದುರಿನ ಅಜ್ಜಿಯ ಚೀಲ ಒದ್ದೆಯಾಯಿತು. ಮಂಗಳೂರು ಬರುವವರೆಗೂ ಬೈಗುಳ ಕೇಳಿದೆ. ತಪ್ಪು ನನ್ನದೇ ಅಲ್ವಾ.

ಮನೆಗೆ ಬಂದ ದಿನವೇ ಟ್ಯಾಂಕಿಗೆ ಹಾಕುವ ಆಸೆ ಬೇಡ. ಕಪ್‌ನ ಗಿಡವಾದರೆ ಬೇರಿಗೆ ಅಂಟಿದ ಜೆಲ್ಲಿಯನ್ನು ಪೂರ್ತಿ ತೊಳೆಯಿರಿ, ಸಾಕು. ಉಳಿದವನ್ನು ಪಟಿಕದ ನೀರಿನಲ್ಲಿ ಅದ್ದಿ. ಕ್ಷೌರದ ಅಂಗಡಿಯಲ್ಲಿ ಇರುತ್ತದಲ್ಲ, ಅದೇ. ಲೀಟರಿಗೆ ಒಂದು ಸಣ್ಣ ಚಮಚ ಪುಡಿ, ಎರಡು ಮೂರು ಗಂಟೆ. ಬಸವನಹುಳು ಸಾಯುತ್ತದೆ, ಮೊಟ್ಟೆ ಉಳಿಯಬಹುದು. ಅದಕ್ಕೇ ಬೆಳಕಿರುವ ಕಡೆ ಒಂದು ಬಕೆಟಿನಲ್ಲಿ ಎರಡು ಮೂರು ವಾರ ಬೇರೆ ಇಡುವುದು. ಈ ಹೊತ್ತಿನಲ್ಲಿ ಹಳೆ ಎಲೆ ಉದುರಿದರೆ ಹೆದರಬೇಡಿ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆದ ಎಲೆ ಅದು, ಮುಳುಗಿದರೆ ಉದುರಿಯೇ ಉದುರುತ್ತದೆ. ತುದಿಯಲ್ಲಿ ಹೊಸ ಚಿಗುರು ಬಂತಾ, ಅದನ್ನು ನೋಡಿ. ನಮ್ಮ ಹಾಗೆ ಮೆದು ನೀರಿನವರು ಒಂದು ಹಿಡಿ ಮರುವಾಯಿ ಚಿಪ್ಪನ್ನು ಕುದಿಸಿ ತಿಕ್ಕಿ ತೊಳೆದು, ಬಲೆಯ ಚೀಲದಲ್ಲಿ ಫಿಲ್ಟರಿನೊಳಗೆ ಇಡಬಹುದು. ಹುಳಿ ನೀರಿನಲ್ಲಿ ಅದು ಮೆಲ್ಲಗೆ ಕರಗುತ್ತದೆ. ನನ್ನ ಟ್ಯಾಂಕಿನಲ್ಲಿ ಎರಡು ವಾರಕ್ಕೆ ಕೆಎಚ್ ಒಂದು ಹನಿಯಿಂದ ಮೂರು ಹನಿಗೆ ಏರಿತು.

ಬಕೆಟಿನ ನೀರು, ಕತ್ತರಿಸಿದ ತುಂಡುಗಳು ತೋಡಿಗೆ ಹೋಗಬಾರದು. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ತೋಡು ತುಂಬಾ ಗುಲಾಬಿ ಹೂ ಅರಳಿ ಜನ ಸೆಲ್ಫಿಗೆ ಓಡಿದ್ದು ನೆನಪಿದೆಯಾ? ಅದು ಕಬೊಂಬಾ, ದಕ್ಷಿಣ ಅಮೆರಿಕದ ಅಕ್ವೇರಿಯಂ ಗಿಡ. ನಾನು ತುಂಡುಗಳನ್ನು ಅಂಗಳದಲ್ಲಿ ಅಡಿಕೆಯ ಹಾಗೆ ಒಣಗಿಸಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಅಂಬೂಲಿಯಾದ ಕಥೆ ಹೇಳುತ್ತೇನೆ ಅಂದಿದ್ದೆ. ಬಕೆಟಿನಲ್ಲಿ ಅದನ್ನು ಕಂಡ ಅಮ್ಮ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ಮೂಸಿದರು. "ಇದು ನಮ್ಮ ಕೆಳಗಿನ ಗದ್ದೆಯ ಕಳೆ ಅಲ್ವಾ? ನೇಜಿ ನೆಟ್ಟ ಮೇಲೆ ಹೊರೆಗಟ್ಟಲೆ ಕಿತ್ತು ಬಿಸಾಡುತ್ತಿದ್ದೆವು. ಎಷ್ಟು ಕೊಟ್ಟೆ?"

ಇಪ್ಪತ್ತು ಅಂದೆ.