ಹನೋಯ್‌ನ ಕಪ್ಪೆ ಸಂತೆಯಲ್ಲಿ ಮೂರು ವಾರ

ಸೊಪ್ಪು ಮಾರುವ ಹೆಂಗಸು ಲೈಟರ್ ತೆಗೆದು ಹಳೇ ಪೇಪರ್ ಚೂರೊಂದಕ್ಕೆ ಬೆಂಕಿ ಹಚ್ಚಿದಳು. ಉರಿಯುವ ಪೇಪರನ್ನು ಬುಟ್ಟಿಗಳ ಮೇಲೆ ಒಂದು ಸುತ್ತು ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಅದನ್ನು ಚರಂಡಿಗೆ ಎಸೆದಳು. ನಾನು ಆಗಷ್ಟೇ ಅವಳ ಹತ್ತಿರ ಎರಡು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡಿ, ಕೊಳ್ಳದೆ ಮುಂದೆ ಹೋಗಿದ್ದೆ. ಬೆಳಗ್ಗೆ ಆರು ಗಂಟೆ. ವಿಯೆಟ್ನಾಂನ ರಾಜಧಾನಿ ಹನೋಯ್‌ನಲ್ಲಿ ನನ್ನ ನಾಲ್ಕನೇ ದಿನ.

ಏನೋ ಪೂಜೆ ಇರಬೇಕು ಅಂದುಕೊಂಡು ಫೋಟೊ ಬೇರೆ ತೆಗೆದೆ. ರೂಮಿಗೆ ಬಂದು ಮನೆ ಒಡತಿಗೆ ತೋರಿಸಿದೆ. ಆಕೆ ಮೊದಲು ನಕ್ಕಳು, ಆಮೇಲೆ ಹಣೆ ಚಚ್ಚಿಕೊಂಡಳು. ದಿನದ ಮೊದಲ ವ್ಯಾಪಾರಕ್ಕೆ ಅಲ್ಲಿ ‘ಮೊ ಹಾಂಗ್’ ಅನ್ನುತ್ತಾರೆ. ಅಂದರೆ ಬೋಣಿ. ಬೋಣಿ ಹೊತ್ತಿಗೆ ಬಂದ ಗಿರಾಕಿ ರೇಟು ಕೇಳಿ, ಎಳೆದಾಡಿ, ಬರಿಗೈಲಿ ಹೋದರೆ ಇಡೀ ದಿನದ ವ್ಯಾಪಾರ ಕೆಟ್ಟಿತು ಅಂತ ನಂಬಿಕೆ. ಆ ಪೀಡೆ ಕಳೆಯಲು ಬೆಂಕಿ. ಪೀಡೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

2024ರ ಮಾರ್ಚ್‌ನಲ್ಲಿ ಮೂರು ವಾರ ಅಲ್ಲಿದ್ದೆ. ಹೋಟೆಲ್ ಬೇಡ ಅಂತ ತ್ರುಕ್ ಬಾಕ್ ಕೆರೆಯ ಹತ್ತಿರ ಒಂದು ಸಂದಿಯಲ್ಲಿ ಅಡುಗೆಮನೆ ಇರುವ ರೂಮು ಹಿಡಿದಿದ್ದೆ. ಈ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು. ಒಲೆ ಇದ್ದರೆ ಸಂತೆಯಲ್ಲಿ ನಿಮಗೆ ಕೆಲಸ ಇರುತ್ತದೆ. ಇಲ್ಲದಿದ್ದರೆ ಕ್ಯಾಮೆರಾ ಹಿಡಿದು ದಾರಿಗೆ ಅಡ್ಡ ನಿಲ್ಲುವುದೇ ಕೆಲಸ.

ಹಾಗೆ ಅಡ್ಡ ನಿಂತದ್ದೂ ಆಗಿದೆ. ಮೊದಲ ಮೂರು ದಿನ ಎಲ್ಲರೂ ಹೋಗುವ ಕಡೆಯೇ ಹೋದೆ. ದೊಂಗ್ ಸುವಾನ್ ಮಾರುಕಟ್ಟೆ ಫ್ರೆಂಚರು 1889ರಲ್ಲಿ ಕಟ್ಟಿಸಿದ್ದು. 1994ರ ಬೆಂಕಿಯಲ್ಲಿ ಸುಟ್ಟು ಹೋಗಿ ಮತ್ತೆ ಕಟ್ಟಿದರು. ಮುಂಭಾಗ ಚೆನ್ನಾಗಿದೆ. ಒಳಗೆ ಹೆಚ್ಚಾಗಿ ಬಟ್ಟೆ, ಬ್ಯಾಗು, ಆಟಿಕೆಗಳ ಹೋಲ್‌ಸೇಲ್. ಡಜನ್‌ಗಟ್ಟಲೆ ಕೊಳ್ಳುವವರಿಗೆ ಇರುವ ಜಾಗ, ಒಂದು ಟೀ ಶರ್ಟ್ ಕೇಳುವವರನ್ನು ಯಾರೂ ಮಾತಾಡಿಸುವುದಿಲ್ಲ. ಮಾರನೇ ರಾತ್ರಿ ಲಾಂಗ್ ಬಿಯೆನ್ ಸೇತುವೆ ಪಕ್ಕದ ಹಣ್ಣು ತರಕಾರಿ ಮಾರುಕಟ್ಟೆಗೆ ಹೋದೆ. ಅದು ನಡುರಾತ್ರಿ ಶುರುವಾಗಿ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಲಾರಿಯಿಂದ ಇಳಿಸಿದ ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ಪೇರಿಸಿಕೊಂಡು ಹೆಂಗಸರು ಓಡುತ್ತಿರುತ್ತಾರೆ. ನಾನು ಎಲ್ಲಿ ನಿಂತರೂ ಅದೇ ಅವರ ದಾರಿ. ಅರ್ಧ ಗಂಟೆಯಲ್ಲಿ ಮೂರು ಸಲ ಬೈಸಿಕೊಂಡೆ. ಬೈಗುಳಕ್ಕೆ ಭಾಷೆ ಬೇಕಿಲ್ಲ.

ನಾಲ್ಕನೇ ದಿನ ಆ ಬೆಂಕಿಯ ಪ್ರಸಂಗ. ಅವತ್ತೇ ತೀರ್ಮಾನ ಮಾಡಿದೆ. ಊರೆಲ್ಲ ಸುತ್ತುವುದು ಸಾಕು, ಈ ಒಂದೇ ಸಂದಿಗೆ ದಿನಾ ಹೋಗೋಣ. ಕೆಡಿಸಿದ್ದನ್ನು ಮೊದಲು ಸರಿ ಮಾಡೋಣ.

ಈ ಥರದ ಸಂತೆಗೆ ಹನೋಯ್ ಜನ ‘ಚೊ ಕೊಕ್’ ಅನ್ನುತ್ತಾರೆ. ಚೊ ಅಂದರೆ ಸಂತೆ, ಕೊಕ್ ಅಂದರೆ ನೆಲಗಪ್ಪೆ. ಕಪ್ಪೆ ಸಂತೆ. ಚಾವಣಿ ಇಲ್ಲ, ಅಂಗಡಿ ನಂಬರ್ ಇಲ್ಲ, ಪರವಾನಗಿ ಇಲ್ಲ. ಬೆಳಗ್ಗೆ ಸಂದಿಯ ಎರಡೂ ಬದಿ ಬುಟ್ಟಿ, ಪ್ಲಾಸ್ಟಿಕ್ ಹಾಳೆ, ಅಲ್ಯುಮಿನಿಯಂ ಬೋಗುಣಿ ಬಂದು ಕೂರುತ್ತವೆ. ಸೊಪ್ಪು, ಬಾಳೆ ಹೂವು, ತೋಫು, ಮೊಟ್ಟೆ, ಬೋಗುಣಿಯಲ್ಲಿ ಈಜುವ ಮೀನು, ಚರ್ಮ ಸುಲಿದಿಟ್ಟ ಕಪ್ಪೆ. ನೋಡಲಾಗದವರು ತಲೆ ತಗ್ಗಿಸಿಕೊಂಡು ಹೋಗಬಹುದು. ಆದರೆ ತಲೆ ತಗ್ಗಿಸಿದರೆ ಕಾಣುವುದೂ ಅದೇ. ಒಂದು ಬೈಕ್ ಹೋಗುವಷ್ಟು ಜಾಗ ನಡುವೆ. ಗಿರಾಕಿಗಳು ಬೈಕಿನಿಂದ ಇಳಿಯುವುದೂ ಇಲ್ಲ. ಕಾಲು ಊರಿಕೊಂಡೇ ಅರ್ಧ ಕೆಜಿ ತೂಗಿಸಿ, ಚೀಲ ಹ್ಯಾಂಡಲ್‌ಗೆ ಸಿಕ್ಕಿಸಿ ಹೊರಡುತ್ತಾರೆ.

ಐದನೇ ದಿನ ಬೇಕೆಂದೇ ಏಳೂವರೆಗೆ ಹೋದೆ. ಅವಳ ಬೋಣಿ ಆಗಿ ಎಷ್ಟೋ ಹೊತ್ತಾಗಿತ್ತು. ಎರಡು ಕಟ್ಟು ರಾವ್ ಮುವೊಂಗ್ ಸೊಪ್ಪು ತೋರಿಸಿ, ಕೇಳಿದಷ್ಟು ಕೊಟ್ಟು, ನಮಸ್ಕಾರ ಮಾಡಿ ಬಂದೆ. ಅವಳ ಮುಖ ಬದಲಾಗಲಿಲ್ಲ. ಆರನೇ ದಿನವೂ ಹಾಗೇ. ಏಳನೇ ದಿನ ಚಿಲ್ಲರೆ ಜೊತೆ ಎರಡು ಎಳೆ ಈರುಳ್ಳಿ ಸೊಪ್ಪು ಚೀಲಕ್ಕೆ ಬಿತ್ತು. ಕೊಸರು! ದುಡ್ಡು ಕೊಡಲು ಹೋದರೆ ಕೈ ತಳ್ಳಿದಳು. ಅವತ್ತು ನನಗೆ ಆದಷ್ಟು ಖುಷಿ ಯಾವ ಮ್ಯೂಸಿಯಂನಲ್ಲೂ ಆಗಿಲ್ಲ.

ರಾವ್ ಮುವೊಂಗ್ ಅಂದರೆ ನೀರಲ್ಲಿ ಬೆಳೆಯುವ, ದಂಟು ಟೊಳ್ಳಾಗಿರುವ ಒಂದು ಸೊಪ್ಪು. ಬೆಳ್ಳುಳ್ಳಿ ಹಾಕಿ ಹುರಿದರೆ ಆಯಿತು. ಅವಳ ಪಕ್ಕದಲ್ಲಿ ಒಬ್ಬಳು ಅಜ್ಜಿ ಅದೇ ದಂಟನ್ನು ಸೀಳಿ ಮಾರುತ್ತಿದ್ದಳು. ಸೀಳುವ ಸಾಧನ ಒಂದು ತೆಳು ಕಡ್ಡಿ, ತುದಿಯಲ್ಲಿ ಚಕ್ರದ ಅರೆಗಳ ಹಾಗೆ ಪುಟ್ಟ ಬ್ಲೇಡುಗಳು. ಟೊಳ್ಳು ದಂಟನ್ನು ಕಡ್ಡಿಗೆ ಪೋಣಿಸಿ ಸರ್ರನೆ ಎಳೆದರೆ ಆ ಕಡೆಯಿಂದ ಎಳೆ ಎಳೆಯಾಗಿ ಬರುತ್ತದೆ. ನೀರಿನ ಬೋಗುಣಿಗೆ ಬಿದ್ದ ಕೂಡಲೇ ಆ ಎಳೆಗಳು ಗುಂಗುರು ಕೂದಲಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ. ಅಜ್ಜಿ ಕೈ ನೋಡುತ್ತಿರಲಿಲ್ಲ. ಎದುರಿನವಳ ಜೊತೆ ಜಗಳ ಆಡುತ್ತಾ, ನಗುತ್ತಾ ಸೀಳುತ್ತಲೇ ಇದ್ದಳು. ನಾನೂ ಒಂದು ದಂಟು ಪ್ರಯತ್ನಿಸಿದೆ. ನಡುವೆ ಮುರಿಯಿತು. ಅಜ್ಜಿ ಮುರಿದದ್ದನ್ನು ಕಸಿದುಕೊಂಡು ಸುತ್ತ ಇದ್ದವರಿಗೆಲ್ಲ ತೋರಿಸಿದಳು.

ಭಾಷೆ ಹೇಗೆ ನಿಭಾಯಿಸಿದೆ ಅಂತ ಜಾಸ್ತಿ ಜನ ಕೇಳುತ್ತಾರೆ. ಅಂಕಿಗಳನ್ನು ಮಾತ್ರ ಗಟ್ಟಿ ಮಾಡಿಕೊಂಡೆ. ಅದರಲ್ಲೂ ಎಡವಿದೆ. ಐದಕ್ಕೆ ‘ನಾಮ್’ ಅಂತ ಕಲಿತಿದ್ದೆ. ಹದಿನೈದರಲ್ಲಿ ಅದು ‘ಲಾಮ್’ ಆಗುತ್ತದೆ, ‘ಮುವೊಯ್ ಲಾಮ್’. ಇದು ಗೊತ್ತಾಗುವವರೆಗೆ ಅವರು ಹದಿನೈದು ಅಂದಾಗಲೆಲ್ಲ ನಾನು ಇಪ್ಪತ್ತು ಚಾಚುತ್ತಿದ್ದೆ. ಇನ್ನೊಂದು, ಸಾವಿರವನ್ನು ಅವರು ನುಂಗಿಬಿಡುತ್ತಾರೆ. ಮೂವತ್ತು ಅಂದರೆ ಮೂವತ್ತು ಸಾವಿರ ದೋಂಗ್. ಅರ್ಥವಾಗದಿದ್ದರೆ ಅವರೇ ಸೊಂಟದ ಚೀಲದಿಂದ ಅಷ್ಟೇ ಬೆಲೆಯ ನೋಟು ಎಳೆದು ತೋರಿಸುತ್ತಾರೆ. ಕ್ಯಾಲ್ಕುಲೇಟರ್‌ಗಿಂತ ಅದು ವಾಸಿ.

ತೂಕಕ್ಕೂ ಒಂದು ಮಾತು ಬೇಕು. ಉತ್ತರ ವಿಯೆಟ್ನಾಂನಲ್ಲಿ ನೂರು ಗ್ರಾಂಗೆ ‘ಲಾಂಗ್’. ಇದು ಗೊತ್ತಿಲ್ಲದೆ ಅಣಬೆಯ ರೇಟು ಕೇಳಿ, ಕೆಜಿಗೆ ಇಷ್ಟು ಅಗ್ಗವಾ ಅಂತ ಅರ್ಧ ಕೆಜಿ ಹಾಕಿಸಿಕೊಂಡೆ. ಅವಳು ಹೇಳಿದ್ದು ಒಂದು ಲಾಂಗ್‌ಗೆ. ತಪ್ಪು ನನ್ನದೇ, ತೆಪ್ಪಗೆ ಕೊಟ್ಟೆ. ಎರಡು ದಿನ ಅಣಬೆ ತಿಂದೆ.

ನೋಟಿನ ವಿಷಯದಲ್ಲಿ ಹುಷಾರಾಗಿರಿ. ಎಲ್ಲ ನೋಟಿನ ಮೇಲೂ ಹೊ ಚಿ ಮಿನ್ ಅವರದೇ ಚಿತ್ರ. ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ಒಂದು ಮುಸ್ಸಂಜೆ ಐದು ಸಾವಿರದ ಚಹಾಕ್ಕೆ ನಾನು ಐದು ಲಕ್ಷದ ನೋಟು ಕೊಟ್ಟೆ. ಚಹಾದಜ್ಜಿ ಅದನ್ನು ನನ್ನ ಮೂಗಿನ ಮುಂದೆ ಹಿಡಿದು, ಸೊನ್ನೆಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿ ತೋರಿಸಿ ವಾಪಸ್ ಕೊಟ್ಟಳು. ಅವತ್ತಿನಿಂದ ದೊಡ್ಡ ನೋಟು ಒಳಜೇಬಿಗೆ. ಸಂತೆಗೆ ಒಯ್ಯುವುದು ಐವತ್ತು ಸಾವಿರದ ಒಳಗಿನವು ಮಾತ್ರ.

ಚಹಾದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ‘ಚಾ ದಾ’ ಅಂದರೆ ಐಸ್ ಹಾಕಿದ ತೆಳು ಹಸಿರು ಚಹಾ. ಹನೋಯ್‌ನ ಫುಟ್‌ಪಾತ್‌ಗಳಲ್ಲಿ ಹೆಜ್ಜೆಗೊಂದು ಚಾ ದಾ ಅಡ್ಡೆ. ಒಂದು ಪುಟ್ಟ ಮೇಜು, ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಕುಳ್ಳ ಪ್ಲಾಸ್ಟಿಕ್ ಸ್ಟೂಲು, ಕಡಲೆಕಾಯಿ ಮಿಠಾಯಿಯ ಡಬ್ಬಿ. ಒಂದು ಗ್ಲಾಸು ಹಿಡಿದು ಗಂಟೆಗಟ್ಟಲೆ ಕೂತರೂ ಯಾರೂ ಏಳು ಅನ್ನುವುದಿಲ್ಲ. ಸಂದಿಯ ಬಾಯಲ್ಲೇ ಇದ್ದ ಅಡ್ಡೆಯಲ್ಲಿ ದಿನಾ ಕೂರುತ್ತಿದ್ದೆ. ನಿಂತು ನೋಡುವವನನ್ನು ಜನ ಅನುಮಾನಿಸುತ್ತಾರೆ. ಕೂತವನನ್ನು ಮರೆತುಬಿಡುತ್ತಾರೆ. ಸುಮ್ನೆ ಕೂತಾಗ ಕಂಡದ್ದೇ ಹೆಚ್ಚು. ಬಿದಿರಿನ ಅಡ್ಡೆಯ ಎರಡು ತುದಿಗೆ ಬುಟ್ಟಿ ತೂಗಿಸಿ ಹೆಗಲ ಮೇಲೆ ಹೊತ್ತ ಹೆಂಗಸು ನಡೆಯುವಾಗ ಬಿದಿರು ಮೇಲೆ ಕೆಳಗೆ ತೂಗುತ್ತದೆ, ಹೆಜ್ಜೆ ಆ ತೂಗಾಟಕ್ಕೆ ಹೊಂದುತ್ತದೆ. ಹನ್ನೆರಡು ಗಂಟೆ ಆದ ಮೇಲೆ ಸುತ್ತ ಎಲ್ಲರೂ ಮಲಗಿಬಿಡುತ್ತಾರೆ. ಬೈಕ್ ಟ್ಯಾಕ್ಸಿಯವನು ತನ್ನ ಬೈಕಿನ ಮೇಲೇ, ಬಟ್ಟೆ ಅಂಗಡಿಯವಳು ಬಟ್ಟೆ ರಾಶಿಯ ಮೇಲೇ. ಆ ಹೊತ್ತಲ್ಲಿ ರೇಟು ಕೇಳಲು ಎಬ್ಬಿಸಬೇಡಿ.

ಮಾರ್ಚ್‌ನಲ್ಲಿ ಅಲ್ಲಿ ಮಳೆ ಅನ್ನಲಾಗದ ಜಿನುಗು. ಗೋಡೆ, ನೆಲ ಎಲ್ಲ ಬೆವರುತ್ತವೆ. ಒಗೆದ ಬಟ್ಟೆ ಮೂರು ದಿನ ಒಣಗಲಿಲ್ಲ. ಆದರೆ ಚಕ್ಕೋತದ ಹೂವು ಬರುವುದೂ ಆಗಲೇ. ಸೈಕಲ್ ಹಿಂದೆ ಬುಟ್ಟಿ ಕಟ್ಟಿಕೊಂಡು, ದಪ್ಪ ಬಿಳಿ ಮೊಗ್ಗುಗಳನ್ನು ಹರಡಿಕೊಂಡು ಮಾರುತ್ತಾರೆ. ತೂಕದ ಲೆಕ್ಕ. ಸೈಕಲ್ ಮುಂದೆ ಹೋದ ಮೇಲೂ ಆ ಘಮ ಒದ್ದೆ ಗಾಳಿಯಲ್ಲಿ ಅಲ್ಲೇ ನಿಂತಿರುತ್ತದೆ. ಒಂದು ಲಾಂಗ್ ಕೊಂಡು ರೂಮಿನಲ್ಲಿ ಇಟ್ಟೆ. ಒಣಗದ ಬಟ್ಟೆಯ ವಾಸನೆಗೆ ಅದೊಂದೇ ಮದ್ದು.

ದಿನಾ ಒಂದೇ ಕಡೆ ಹೋದದ್ದಕ್ಕೆ ಇನ್ನೊಂದು ಲಾಭ ಆಯಿತು. ಒಂದು ಬೆಳಗ್ಗೆ ನೋಡಿದರೆ ಸೊಪ್ಪಿನವಳ ಮುಂದೆ ಅರ್ಧ ಬುಟ್ಟಿ ಹೂವು! ಪಕ್ಕದವಳ ಹತ್ತಿರ ವೀಳ್ಯದೆಲೆ, ಅಡಿಕೆ, ಬಾಳೆಗೊನೆ. ರೇಟೂ ಏರಿತ್ತು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹುಣ್ಣಿಮೆ, ಮನೆಯಲ್ಲಿ ತೀರಿಹೋದ ಹಿರಿಯರ ಪೀಠಕ್ಕೆ ಹೂವು ಹಣ್ಣು ಇಡುತ್ತಾರೆ. ಸಂತೆ ಆ ಲೆಕ್ಕದಲ್ಲಿ ತಿರುಗುತ್ತದೆ. ಒಂದೇ ದಿನ ನೋಡಿ ಹೋಗುವವರಿಗೆ ಇದು ಹೊಳೆಯುವುದೇ ಇಲ್ಲ. ಆ ಎರಡು ದಿನ ಮಾಂಸ ಬಿಡುವವರೂ ಇದ್ದಾರೆ, ಹಾಗಾಗಿ ಸಸ್ಯಾಹಾರಿಗಳಿಗೆ ಅವು ಸುಗ್ಗಿ. ‘ಆನ್ ಚಾಯ್’ ಅಂದರೆ ಸಾಕು, ಅರ್ಥವಾಗುತ್ತದೆ. ಉಳಿದ ದಿನ ತರಕಾರಿ ಸಾರಿನಲ್ಲೂ ಮೀನಿನ ಸಾಸ್ ಇರುತ್ತದೆ ಅಂತಲೇ ತಿಳಿಯಿರಿ.

ಕರೆಯುವುದು ಹೇಗೆ ಅನ್ನುವುದೂ ಮುಖ್ಯ. ವಿಯೆಟ್ನಾಮೀಸ್‌ನಲ್ಲಿ ‘ನೀವು’ ಅಂತ ಎಲ್ಲರಿಗೂ ಸಲ್ಲುವ ಒಂದು ಮಾತು ದಿನಬಳಕೆಯಲ್ಲಿ ಇಲ್ಲ. ನೆಂಟಸ್ತಿಕೆಯಲ್ಲೇ ಮಾತು. ಅಕ್ಕನಿಗೆ ಚಿ, ಅತ್ತೆಗೆ ಕೊ, ಅಜ್ಜಿಗೆ ಬಾ. ಹಾಗಾಗಿಯೇ ಅವರು ಮೊದಲು ನಿಮ್ಮ ವಯಸ್ಸು ಕೇಳುವುದು. ಅಧಿಕಪ್ರಸಂಗ ಅಲ್ಲ, ವ್ಯಾಕರಣ. ಸೊಪ್ಪಿನವಳನ್ನು ನಾನು ‘ಕೊ ಒಯ್’ ಅಂತ ಕರೆಯುತ್ತಿದ್ದೆ. ಎರಡನೇ ವಾರ ಅವಳು ನನ್ನ ವಯಸ್ಸು ಕೇಳಿದಳು, ಬೆರಳಲ್ಲಿ ತೋರಿಸಿದೆ. ನನಗಿಂತ ಅವಳು ಮೂರೇ ವರ್ಷ ದೊಡ್ಡವಳು! ಇಷ್ಟು ದಿನ ಅತ್ತೆ ಅಂದಿದ್ದೆ. ಸುತ್ತ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಬೋಣಿ ಕೆಡಿಸಿದ್ದಕ್ಕಿಂತ ಇದೇ ದೊಡ್ಡ ತಪ್ಪು ಅಂತ ನನಗೆ ಈಗಲೂ ಅನುಮಾನ.

ಫೋಟೊ ಆಮೇಲೆ ಕಡಿಮೆ ತೆಗೆದೆ. ತೆಗೆದದ್ದೂ ಕೊಂಡ ಮೇಲೆ, ಕೇಳಿ. ಚೌಕಾಸಿಯನ್ನು ಸೊಪ್ಪು ತರಕಾರಿಗೆ ಪೂರ್ತಿ ಬಿಟ್ಟೆ. ನಾಲ್ಕಾಣೆ ಉಳಿಸಲು ಹೋಗಿ ಯಾರದೋ ಬೆಳಗನ್ನು ಯಾಕೆ ಕೆಡಿಸಬೇಕು? ಆದರೆ ಶನಿವಾರದ ರಾತ್ರಿ ಸಂತೆಯಲ್ಲಿ, ಹಾಂಗ್ ದಾವ್ ಬೀದಿಯಿಂದ ದೊಂಗ್ ಸುವಾನ್‌ವರೆಗೆ ಪ್ರವಾಸಿಗರಿಗೆಂದೇ ಹಚ್ಚುವ ಅಂಗಡಿಗಳಲ್ಲಿ, ಮನಸಾರೆ ಚೌಕಾಸಿ ಮಾಡಿದೆ. ಅಲ್ಲಿ ಅದು ಆಟ, ಇಬ್ಬರಿಗೂ ಗೊತ್ತು. ಸಂದಿಯಲ್ಲಿ ಬೋಣಿ ಗಿರಾಕಿ ಆಗುವ ಧೈರ್ಯ ಮಾತ್ರ ಕೊನೆವರೆಗೂ ಬರಲಿಲ್ಲ. ದಿನಾ ಏಳೂವರೆಯೇ.

ಹೊರಡುವ ಹಿಂದಿನ ದಿನ. ಎರಡು ಕಟ್ಟು ಸೊಪ್ಪು, ಒಂದು ಹಿಡಿ ತಿಯಾ ತೊ ಅನ್ನುವ ಘಮದ ಎಲೆ ತೆಗೆದುಕೊಂಡು ದುಡ್ಡಿಗೆ ಜೇಬಿಗೆ ಕೈ ಹಾಕಿದ್ದೆ. ಸಂದಿಯ ಆ ತುದಿಯಿಂದ ಯಾರೋ ಕೂಗಿದರು. ಒಂದೇ ಕೂಗು. ಇಡೀ ಸಂತೆ ಎದ್ದು ನಿಂತಿತು. 2008ರಲ್ಲಿ ಹನೋಯ್ ಆಡಳಿತ 62 ಬೀದಿಗಳಲ್ಲಿ ತಿರುಗಾಡಿ ಮಾರುವುದನ್ನು ನಿಷೇಧಿಸಿದ್ದು ಓದಿದ್ದೆ. ಫುಟ್‌ಪಾತ್ ತೆರವು ಮಾಡಿಸುವ ಗಾಡಿ ಬಂದರೆ ಏನಾಗುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ. ಮೀನಿನವಳು ಬೋಗುಣಿಯ ನೀರು ಚೆಲ್ಲಿದಳು. ತೋಫು ಹಾಸಿದ ಹಾಳೆಯ ನಾಲ್ಕು ಮೂಲೆ ಒಂದಾಗಿ ಗಂಟಾಯಿತು. ಸೊಂಟಕ್ಕೆ ಕೈಯಿಟ್ಟು ನಿಧಾನ ಏಳುತ್ತಿದ್ದ ಅಜ್ಜಿ ಯಾವ ಮಾಯದಲ್ಲೋ ಸೈಕಲ್ ತಳ್ಳಿಕೊಂಡು ಓಡಿದಳು. ನನ್ನವಳು ಅಡ್ಡೆ ಹೆಗಲಿಗೇರಿಸಿ, ತಕ್ಕಡಿಯನ್ನು ನನ್ನ ಕೈಗೆ ತುರುಕಿ, ಏನೋ ಕೂಗಿ ಮಾಯವಾದಳು.

ಎರಡು ನಿಮಿಷಕ್ಕೆ ಸಂದಿ ಖಾಲಿ. ಒದ್ದೆ ನೆಲದ ಮೇಲೆ ನಾಲ್ಕು ಎಲೆ, ಒದ್ದಾಡುವ ಒಂದು ಮೀನು, ನಾನು. ಕೈಯಲ್ಲಿ ದುಡ್ಡು ಕೊಡದ ಸೊಪ್ಪು, ಇನ್ನೊಂದು ಕೈಯಲ್ಲಿ ತಕ್ಕಡಿ. ಮೈಕಿನಲ್ಲಿ ಮಾತಾಡುತ್ತಾ ಗಾಡಿ ನಿಧಾನ ಬಂತು. ಒಳಗಿದ್ದವನು ನನ್ನನ್ನೂ ತಕ್ಕಡಿಯನ್ನೂ ನೋಡಿದ. ಏನೂ ಅನ್ನದೆ ಮುಂದೆ ಹೋದ.

ಅವಳನ್ನು ಹುಡುಕಲು ಹೊರಟೆ. ಎರಡು ಸಂದಿ ಆಚೆ, ಒಂದು ಮನೆಯ ಮೆಟ್ಟಿಲ ಕೆಳಗೆ ಕೂತು ಆಗಲೇ ಯಾರಿಗೋ ಸೊಪ್ಪು ಕಟ್ಟುತ್ತಿದ್ದಳು. ತಕ್ಕಡಿ ಇಸಿದುಕೊಂಡಳು. ಸೊಪ್ಪಿನ ಚೀಲ ಎತ್ತಿ ತೋರಿಸಿದೆ.

‘ಮುವೊಯ್ ಲಾಮ್,’ ಅಂದಳು. ಈ ಸಲ ಸರಿಯಾಗಿ ಹದಿನೈದು ಸಾವಿರ ಎಣಿಸಿ ಕೊಟ್ಟೆ.